ಒಂಬತ್ತನೆಯ ತಾಸಿನ ನೀರು

ಕಾರ್ತೇಜ್, ಮಾರ್ಚ್ ತಿಂಗಳ ಹನ್ನೆರಡು

ಅಣ್ಣ ಬಾರಿಕ್‌ಗೆ ತಂಗಿ ಮಟ್ರೋನ ಮಾಡುವ ವಂದನೆ. ನೀನೂ ಮನೆಯವರೂ ಆರೋಗ್ಯವೆಂದು ತಿಳಿದಿದ್ದೇನೆ.

ನಾನು ನಿನಗೆ ಬರೆದು ಎರಡು ವರ್ಷವಾಯಿತು. ಮಗಳು ಸ್ಪೆಸಿನ ನಿನ್ನ ಮನೆಯಿಂದ ಹಿಂದಿರುಗಿದಾಗ ಸಿಟ್ಟಿನಲ್ಲಿ ನಾಲ್ಕು ಸಾಲು ಗೀಚಿ ಕಳಿಸಿದ್ದೆ. ಅದೇ ಕೊನೆ. ನನ್ನ ಗಂಡ ತೀರಿಕೊಂಡ ವರ್ಷ ನಾನು ಅವಳನ್ನು ನಿನ್ನ ಬಳಿ ಕಳಿಸಿದ್ದು ಅವಳು ಹೊಟ್ಟೆ ತುಂಬ ಉಣ್ಣಲಿ ಎಂದು. ನೀನು ಅವಳಿಗೆ ನಿನ್ನ ಒಬ್ಬನೇ ದೇವರನ್ನೂ ಅವನ ಉಪವಾಸವನ್ನೂ ಕಲಿಸಿ ಕಳಿಸಿದೆ. ವಾರಕ್ಕೆರಡು ದಿನ ಒಂಬತ್ತನೆಯ ತಾಸಿನವರೆಗೆ, ಬಿಸಿಲು ಪಡುವಣಕ್ಕೆ ವಾಲುವವರೆಗೆ, ಹನಿ ನೀರೂ ಇಲ್ಲ. ಆಮೇಲೆ ಮಾಳಿಗೆ ಹತ್ತಿ ಎರಡೂ ತೋಳು ಚಾಚಿ ನಿಲ್ಲುವುದು. ಪಕ್ಕದ ಮನೆಯವಳು ಕೇಳುತ್ತಿದ್ದಳು, “ಏನೇ ಮಟ್ರೋನ, ಬಟ್ಟೆ ಒಣಹಾಕೋಕೆ ಮಗಳನ್ನೇ ನೆಟ್ಟಿದೀಯಾ?”

ಈಗ ಬರೆಯುತ್ತಿರುವ ಸಂಗತಿ ಬೇರೆ. ಸ್ಪೆಸಿನ ಸೆರೆಮನೆಯಲ್ಲಿದ್ದಾಳೆ.

ಹೊಸ ಚಕ್ರವರ್ತಿಯ ಆಜ್ಞೆ ನಿಮ್ಮ ತೆವೆಸ್ತೆಗೂ ಬಂದಿರಬೇಕು. ಪ್ರತಿಯೊಬ್ಬರೂ ದೇವತೆಗಳ ಮುಂದೆ ಒಂದು ಚಿಟಿಕೆ ಧೂಪ ಹಾಕಿ, ಹಾಕಿದ್ದಕ್ಕೆ ಚೀಟಿ ಪಡೆಯಬೇಕು. ಇಲ್ಲಿ ಗುಡ್ಡದ ದೇವಾಲಯದ ಮುಂದೆ ಬೀದಿಬೀದಿಯವರನ್ನು ಕರೆದರು. ನಾನು ಹಾಕಿದೆ. ನನಗೇನು, ಹುಟ್ಟಿದಾಗಿನಿಂದ ಆಕಾಶದೇವಿಗೆ ಧೂಪ ಹಾಕುತ್ತ ಬಂದವಳು ನಾನು. ಸ್ಪೆಸಿನ ಮೆಟ್ಟಿಲ ಮೇಲೆ ನಿಂತಳು, ಹಾಕಲಿಲ್ಲ.

“ಒಂದು ಚಿಟಿಕೆ ಕಣಮ್ಮ, ಕೈಯೇನೂ ಸವೆಯಲ್ಲ,” ಎಂದ ಅಧಿಕಾರಿ.

“ಆಗೋದಿಲ್ಲ ಸ್ವಾಮಿ.”

“ಯಾಕೆ, ಹೊಗೆ ಕಂಡ್ರೆ ಕೆಮ್ಮು ಬರುತ್ತಾ?”

ಜನ ನಕ್ಕರು. ಅವಳೂ ನಕ್ಕಳು ಅಣ್ಣ. ಅದೇ ನನಗೆ ತಡೆಯಲಾಗದ್ದು. ಆಮೇಲೆ ಕರೆದುಕೊಂಡು ಹೋದರು.

ನಿನ್ನ ದೇವರನ್ನು ನಾನು ನಂಬುವುದಿಲ್ಲ. ಆದರೆ ಅವಳನ್ನು ಅಲ್ಲಿಗೆ ಮುಟ್ಟಿಸಿದವನು ಅವನೇ ಆದ್ದರಿಂದ ವಾಪಸ್ಸು ತರುವ ದಾರಿಯೂ ಅವನಿಗೆ ಗೊತ್ತಿರಬೇಕು. ಅವಳಿಗಾಗಿ ಕೇಳಿಕೋ. ನಿನ್ನವರಿಗೂ ಕೇಳಿಕೊಳ್ಳಲು ಹೇಳು. ಎಣ್ಣೆ ಗಾಡಿಯ ಸಿದ್ದಿನ್ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಅವನು ಯಾವ ದೇವರಿಗೂ ಸೇರಿದವನಲ್ಲ, ಹಾಗಾಗಿ ನಂಬಬಹುದು.

ತೆವೆಸ್ತೆ, ಏಪ್ರಿಲ್ ತಿಂಗಳ ಎರಡು

ಪ್ರೀತಿಯ ತಂಗಿ ಮಟ್ರೋನಳಿಗೆ ಬಾರಿಕ್ ಬರೆಯುವುದು. ನಿನಗೆ ಸಮಾಧಾನವಿರಲಿ.

ನಿನ್ನ ಪತ್ರ ಓದಿ ಅತ್ತೆ. ಬರೀ ದುಃಖಕ್ಕೆ ಎಂದು ತಿಳಿಯಬೇಡ. ನಮ್ಮ ಗಾಣದ ಕೊಟ್ಟಿಗೆಯಲ್ಲಿ ಸೇರುವವರಿಗೆಲ್ಲ ಓದಿ ಹೇಳಿದೆ. ಊರೊಳಗಿನ ಎಷ್ಟೋ ಜನ, ನಮ್ಮವರೇ, ಕರೆಯುವ ಮೊದಲೇ ಓಡಿಹೋಗಿ ಧೂಪ ಹಾಕಿ ಬಂದಿದ್ದಾರೆ. ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದೆವು. ಹತ್ತೊಂಬತ್ತು ವರ್ಷದ ಹುಡುಗಿ, ಯಾರೂ ಹಿಡಿದು ತಾರದೆ, ತಾನಾಗಿ ಗುಡ್ಡ ಹತ್ತಿ ಹೋಗಿ ಅಧಿಕಾರಿಯ ಎದುರು ನಿಂತು ಆಗುವುದಿಲ್ಲ ಎಂದಳೆಂದು ಕೇಳಿದ ಮೇಲೆ ಮುದುಕರು ಎದ್ದು ನಿಂತರು.

ದಿನವೂ ಒಂಬತ್ತನೆಯ ತಾಸಿಗೆ ಗಾಣ ನಿಲ್ಲಿಸಿ ಅವಳಿಗಾಗಿ ಕೈ ಚಾಚುತ್ತೇವೆ. ಒಬ್ಬರೂ ತಪ್ಪಿಸಿಲ್ಲ. ನಿನ್ನ ಮಗಳ ಹೆಸರು ಹೇಳದೆ ಇಲ್ಲಿ ರೊಟ್ಟಿ ಮುರಿಯುವುದಿಲ್ಲ.

ನನ್ನ ಬಗ್ಗೆ ಚಿಂತೆ ಬೇಡ. ತೋಟದ ಆಳುಗಳ ಸರದಿ ಇನ್ನೂ ಬಂದಿಲ್ಲ. ಗಾಣ ಬಲ್ಲವರನ್ನು ಕಳೆದುಕೊಳ್ಳಲು ಧಣಿಗೆ ಇಷ್ಟವಿಲ್ಲ, ಕೇಳಿದವರಿಗೆ ಏನಾದರೊಂದು ಹೇಳಿ ಕಳಿಸುತ್ತಾರೆ. ಸ್ಪೆಸಿನಳಿಗೆ ಹೇಳು, ಮಾವ ಜೊತೆಗೆ ನಿಂತಿದ್ದಾನೆ ಎಂದು.

ಕಾರ್ತೇಜ್, ಏಪ್ರಿಲ್ ತಿಂಗಳ ಇಪ್ಪತ್ತು

ಅಣ್ಣ, ವಂದನೆ.

ನಿನ್ನ ಪತ್ರ ಬಂದ ದಿನದಿಂದ ನನಗೆ ಸ್ವಲ್ಪ ನಿದ್ದೆ ಬರುತ್ತಿದೆ. ಹೇಗೆಂದು ಬರೆಯುತ್ತೇನೆ, ನಗಬೇಡ. ನೀವು ಕೇಳಿಕೊಳ್ಳಲು ಶುರು ಮಾಡಿದ ಹೊತ್ತಿಗೇ ಅವಳ ಜ್ವರ ಇಳಿಯಿತು. ಆಮೇಲೆ ಕಾಲಿನ ಕೋಳ ತೆಗೆದರು. ಹೋದ ವಾರ ಒಳಕೋಣೆಯಿಂದ ಕಿಟಕಿಯಿರುವ ಕೋಣೆಗೆ ಹಾಕಿದ್ದಾರೆ. ಒಂದೊಂದೇ ಬಾಗಿಲು ಹೊರಗಡೆಗೆ ತೆರೆಯುತ್ತಿದೆ ಅನ್ನಿಸುತ್ತದೆ. ಹೀಗೇ ಬಿಡದೆ ಕೇಳುತ್ತಿರಿ. ಮೊನ್ನೆ ಬಂದರಿನಲ್ಲಿ ಬೇಯಿಸಿದ ಕಡಲೆ ಮಾರುತ್ತ ಕುಳಿತಿದ್ದಾಗ ಒಂಬತ್ತನೆಯ ತಾಸಿನ ಕೂಗು ಕೇಳಿಸಿತು. ಗಿರಾಕಿಯನ್ನು ನಿಲ್ಲಿಸಿ ಸುಮ್ಮನೆ ತೆವೆಸ್ತೆಯ ದಿಕ್ಕಿಗೆ ತಿರುಗಿ ಕುಳಿತೆ.

ಒಂದು ಕಷ್ಟವಿದೆ. ಅವಳನ್ನು ನೋಡಲು ನನಗೇ ಜಾಗ ಸಿಗುವುದಿಲ್ಲ. ಸೆರೆಯಲ್ಲಿ ಬಗ್ಗದೆ ನಿಂತವರ ಮಾತನ್ನು ನಿಮ್ಮ ದೇವರು ತಳ್ಳಿಹಾಕುವುದಿಲ್ಲವಂತೆ. ಕಿಟಕಿಯ ಕೆಳಗೆ ಬೆಳಗಿನಿಂದ ಸಾಲು. ಹೆರಿಗೆ ಕಷ್ಟವಾದವಳು, ಕಣ್ಣು ಹೋದವನು, ಧೂಪ ಹಾಕಿ ಈಗ ಎದೆ ಬಡಿದುಕೊಳ್ಳುವವರು. ನಾನು ಗಂಜಿಯ ಪಾತ್ರೆ ಹಿಡಿದು ಮುಂದೆ ಹೋದರೆ ಮೀನಿನವಳೊಬ್ಬಳು ಸೆರಗು ಹಿಡಿದಳು.

“ಸಾಲಿಗೆ ಬಾರಮ್ಮ.”

“ನಾನು ಅವಳ ತಾಯಿ.”

“ಇಲ್ಲಿರೋರೆಲ್ಲ ಅವಳಿಗೆ ಏನಾದ್ರೊಂದು ಸಂಬಂಧ ಆಗ್ಬೇಕು. ಆ ಕುಂಟ ಮುದುಕ ತಾತ ಅಂತಾನೆ. ಸಾಲಿಗೆ ಬಾ.”

ಸಾಲಿನಲ್ಲೇ ನಿಂತೆ. ನನ್ನ ಸರದಿ ಬರುವಷ್ಟರಲ್ಲಿ ಗಂಜಿ ಆರಿತ್ತು. ಸ್ಪೆಸಿನ ಸೊರಗಿದ್ದಾಳೆ. “ಏನೇ, ಊರಿನವರದ್ದೆಲ್ಲ ಕೇಳ್ತೀಯ, ನಿಂದು?” ಎಂದೆ. “ನಂದು ಕೇಳೋಕೆ ಮಾವ ಇದಾರಲ್ಲಮ್ಮ,” ಎಂದಳು.

ತೆವೆಸ್ತೆ, ಮೇ ತಿಂಗಳ ಐದು

ಪ್ರೀತಿಯ ತಂಗಿಗೆ ಬಾರಿಕ್.

ಅವಳು ಸೊರಗಿದರೂ ನಗುತ್ತಾಳೆಂದು ಸಿದ್ದಿನ್ ಹೇಳಿದ. ಬಿಡದೆ ಕೇಳುತ್ತಿದ್ದೇವೆ.

ಒಂದು ಮಾತು ಕೇಳಲು ಸಂಕೋಚ. ಇಲ್ಲಿಯವರೂ ಅವಳ ಕಿವಿಗೆ ತಮ್ಮ ಮಾತು ಮುಟ್ಟಿಸೆಂದು ನನ್ನ ಬೆನ್ನು ಬಿದ್ದಿದ್ದಾರೆ. ಕುಂಬಾರ ನಂಫಾಮೊನ ಮೊಣಕಾಲು. ನನ್ನ ಹೆಂಡತಿಯ ತಂಗಿಗೆ ಮಕ್ಕಳಿಲ್ಲ. ನಮ್ಮ ಸಭೆಯ ಹಿರಿಯರಿಗೆ ರಾತ್ರಿ ಹೆದರಿಕೆಯಾಗುತ್ತದೆ. ಅವರ ಹೆಸರು ಹೇಳದಿದ್ದರೂ ಸರಿ, ಹೆದರಿಕೆ ಹೋಗಲಿ ಎಂದು ಕೇಳಿದರೆ ಸಾಕಂತೆ.

ನೀನು ಹೋದಾಗ ಹೇಳುತ್ತೀಯಲ್ಲ? ಸಿದ್ದಿನ್ ಜೊತೆ ಒಂದು ಜಾಡಿ ಎಣ್ಣೆ, ಒಣ ಅಂಜೂರ ಕಳಿಸಿದ್ದೇನೆ.

ಕಾರ್ತೇಜ್, ಮೇ ತಿಂಗಳ ಇಪ್ಪತ್ತೆರಡು

ಬಾರಿಕ್,

ನಿನ್ನ ಕುಂಬಾರನ ಮೊಣಕಾಲನ್ನು ನನ್ನ ಮಗಳಿಗೆ ಮುಟ್ಟಿಸಿಲ್ಲ. ಎಣ್ಣೆ, ಅಂಜೂರ ಸಿದ್ದಿನ್‌ಗೇ ಕೊಟ್ಟೆ.

ಅವನು ಜಾಡಿ ಇಳಿಸುತ್ತ ಮಾತಿನ ಮಧ್ಯೆ ಹೇಳಿದ. “ನಿಮ್ಮಣ್ಣ ದಿನಾ ಕೈ ಚಾಚಿ ನಿಲ್ತಾನೆ ತಾಯಿ. ನಾನು ಎಣ್ಣೆ ತುಂಬ್ಕೊಳ್ತಾ ನೋಡ್ತಿರ್ತೀನಲ್ಲ. ಮಳೆ ಬಂದ್ರೂ ಬಿಡಲ್ಲ.”

“ಏನಂತ ಕೇಳ್ತಾನೆ?” ಎಂದೆ. ಖುಷಿಗೆ ಕೇಳಿದ್ದು ಅಣ್ಣ. ಮತ್ತೊಮ್ಮೆ ಕೇಳಿ ಸುಖಪಡಲು.

“ಹುಡುಗಿ ಬಗ್ಗಬಾರದು ಅಂತ. ಕೊನೇವರೆಗೂ ನಿಲ್ಲಲಿ, ಯಾರ ಮಾತಿಗೂ ಕರಗದಿರಲಿ ಅಂತ. ಅಳ್ತಾ ಅಳ್ತಾ ಕೇಳ್ತಾರೆ. ನಂಗೇನು ಗೊತ್ತು, ಒಳ್ಳೇದೇ ಇರ್ಬೇಕು ಅಂದ್ಕೊಂಡೆ. ಯಾಕೆ ತಾಯಿ, ಏನಾಯ್ತು?”

ನಾನು ಅವಳನ್ನು ಬಿಡಿಸಲು ಒಂದು ಕಡೆಯಿಂದ ಎಳೆಯುತ್ತಿದ್ದೆ. ನೀವೆಲ್ಲ ಸೇರಿ ಇನ್ನೊಂದು ಕಡೆಯಿಂದ ಎಳೆಯುತ್ತಿದ್ದಿರಿ. ಎರಡೂ ಕಡೆಯವರು ಒಂದೇ ತಾಸಿಗೆ. ನಾನು ಮೂರ್ಖಳ ಹಾಗೆ ನಿಮ್ಮ ದಿಕ್ಕಿಗೆ ತಿರುಗಿ ಕೂತಿದ್ದೆ.

ಅದೇ ದಿನ ಕಾವಲುಗಾರನನ್ನು ಕಾಡಿ ಕೇಳಿದೆ, ಬೇರೆ ದಾರಿಯೇ ಇಲ್ಲವೇ ಎಂದು. ಅವನು ನನ್ನನ್ನು ಹುಚ್ಚಿಯ ಹಾಗೆ ನೋಡಿದ. “ಇವಳ ಅಪ್ಪ ಇಲ್ಲ ಅಂದ್ರೆ ಪಾಲಕ ಯಾರು?” ಎಂದ. “ನನ್ನಣ್ಣ.” “ಅವನು ತನ್ನೂರಲ್ಲಿ ತನ್ನ ಪರವಾಗಿ, ಮನೆಯವರ ಪರವಾಗಿ ಅಂತ ಧೂಪ ಹಾಕಿ, ಚೀಟೀಲಿ ಇವಳ ಹೆಸರು ಬರೆಸಿದ್ರೆ ಮುಗೀತಲ್ಲ. ಮನೆಯ ಗಂಡಸು ಹಾಕಿದ್ರೆ ಮನೆಗೆಲ್ಲ ಆಯ್ತು. ಇಲ್ಲಿಂದ ಎಷ್ಟು ಜನ ಹಾಗೇ ಹೋದ್ರು. ನಿಮ್ಮಣ್ಣಂಗೆ ಇದು ಗೊತ್ತಿಲ್ವಾ?”

ನಿನಗೆ ಇದು ಗೊತ್ತಿರಲಿಲ್ಲವೇ?

ಇನ್ನೊಂದು ತಿಳಿದುಕೋ. ಅವಳು ತಾನಾಗಿ ಗುಡ್ಡ ಹತ್ತಲಿಲ್ಲ. ನಿನ್ನ ಮುದುಕರಿಗೆ ಓದಿ ಹೇಳು. ಹೊಸ ಚಪ್ಪಲಿ ಕೊಡಿಸುತ್ತೇನೆಂದು ಸುಳ್ಳು ಹೇಳಿ ನಾನು ಕರೆದುಕೊಂಡು ಹೋದೆ. ಅಷ್ಟು ಜನರ ಮುಂದೆ ನಿಂತರೆ ಹೆದರಿ ಹಾಕಿಬಿಡುತ್ತಾಳೆ ಎಂದುಕೊಂಡೆ. ಮೆಟ್ಟಿಲ ಮೇಲೆ ಅವಳ ಮಣಿಕಟ್ಟು ಹಿಡಿದು ಧೂಪದ ಬಟ್ಟಲಿಗೆ ಎಳೆದದ್ದು ನಾನು. ಬಿಡಿಸಿಕೊಂಡಳು. ಅವಳು ನಕ್ಕದ್ದು ಅಧಿಕಾರಿಯ ಮಾತಿಗಲ್ಲ, “ಇದಾ ನಿನ್ನ ಚಪ್ಪಲಿ ಅಂಗಡಿ?” ಎಂದು ನನ್ನ ಕಡೆ ನೋಡಿ ನಕ್ಕದ್ದು.

ಧೂಪ ಹಾಕು. ಅವಳ ಹೆಸರು ಬರೆಸು. ಚೀಟಿ ಕಳಿಸು.

ತೆವೆಸ್ತೆ, ಜೂನ್ ತಿಂಗಳ ನಾಲ್ಕು

ಮಟ್ರೋನ,

ನನಗೆ ಗೊತ್ತಿತ್ತು. ನಿನ್ನ ಮೊದಲ ಪತ್ರ ಓದಿದ ದಿನವೇ ಗೊತ್ತಿತ್ತು. ನೀನು ಕೇಳದಿರಲಿ ಎಂದು ಅದನ್ನು ಬರೆಯಲಿಲ್ಲ.

ನನ್ನಿಂದಾಗದು. ಕಲ್ಲಿನ ಮುಂದೆ ಧೂಪದ ಪುಡಿ ಎರಚಿದರೆ ಏನು ಹೋಯಿತು ಎಂದು ನೀನು ಕೇಳುವೆ. ನನ್ನಲ್ಲಿ ಅದಕ್ಕೆ ದೊಡ್ಡ ಉತ್ತರವಿಲ್ಲ, ನಾನು ಗಾಣದವನು. ನೀನು ನಿನ್ನ ಮಗಳನ್ನು ಇವಳು ನನ್ನವಳಲ್ಲ ಎಂದು ಬೀದಿಯಲ್ಲಿ ನಿಂತು ಹೇಳಬಲ್ಲೆಯಾ, ಬರೀ ಬಾಯಿಮಾತಿಗೆ? ನನಗೆ ಇದು ಹಾಗೆ.

ಅವಳೇ ಹಾಕದ್ದನ್ನು ಅವಳ ಹೆಸರಿನಲ್ಲಿ ನಾನು ಹಾಕಿದರೆ ಅವಳು ಇಷ್ಟು ದಿನ ಅಲ್ಲಿ ಕುಳಿತದ್ದಕ್ಕೆ ಏನು ಉಳಿಯಿತು? ಅವಳು ನನ್ನನ್ನು ಕ್ಷಮಿಸುವುದಿಲ್ಲ. ನೀನು ಕ್ಷಮಿಸದಿರುವುದು ಹೇಗೂ ಆಯಿತು.

ಕೇಳುವುದನ್ನು ಮಾತ್ರ ನಿಲ್ಲಿಸಿಲ್ಲ. ಚಪ್ಪಲಿಯ ವಿಷಯ ಯಾರಿಗೂ ಓದಿ ಹೇಳಲಿಲ್ಲ.

ಕಾರ್ತೇಜ್, ಜೂನ್ ತಿಂಗಳ ಹತ್ತೊಂಬತ್ತು

ಅಣ್ಣ,

ಜಗಳವಾಡಲು ಬರೆಯುತ್ತಿಲ್ಲ. ನನಗೆ ಒಂದು ವಿಷಯ ಅರ್ಥವಾಗುತ್ತಿಲ್ಲ, ನಿನಗೆ ಆಗಬಹುದು.

ಮೇಲಿಂದ ಹೊಸ ಆಜ್ಞೆ ಬಂದಿದೆ. ಮತ್ತೆ ಎಲ್ಲರನ್ನೂ ಒಳಕೋಣೆಗೆ ತುಂಬಿದ್ದಾರೆ. ಹೊರಗಿನ ಊಟ ಬಿಡುವುದಿಲ್ಲ. ಸೆಖೆ ಹೇಗಿದೆಯೆಂದರೆ ಗೋಡೆ ಮುಟ್ಟಿದರೆ ಒದ್ದೆ. ಬೆಳಿಗ್ಗೆ ತಲೆಗೊಂದು ಬಟ್ಟಲು ನೀರು, ಅಷ್ಟೇ. ಅದರಲ್ಲೇ ಮರುದಿನದವರೆಗೆ ಇರಬೇಕು. ಕಿಟಕಿ ಹೋಯಿತು, ಸಾಲೂ ಹೋಯಿತು. ಈಗ ಮೀನಿನವಳು ನನ್ನನ್ನು ಕಂಡರೆ ದಾರಿ ಬದಲಿಸುತ್ತಾಳೆ.

ಕಾವಲುಗಾರ ನನ್ನನ್ನು ಬಾಗಿಲ ಕಿಂಡಿಯವರೆಗೆ ಬಿಟ್ಟ. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ನಿನ್ನ ಮಾತನ್ನು ತಿರುಗಿಸಿ ಹೇಳಿದೆ.

“ಇನ್ನು ಸ್ವಲ್ಪ ದಿನ ಕಣೆ. ನಿಮ್ಮ ಮಾವ ಅಲ್ಲಿ ಧೂಪ ಹಾಕ್ತಾನಂತೆ. ನಿನ್ನ ಹೆಸರಲ್ಲಿ ಚೀಟಿ ಬರುತ್ತೆ.”

“ಮಾವ ಹಾಗಂದ್ರಾ?”

“ಅಂದ.”

“ಅಮ್ಮ, ಚಪ್ಪಲಿ ಹಾಗಲ್ಲ ತಾನೇ?”

“ಅಲ್ಲ ಕಣೆ. ಪತ್ರ ಬಂದಿದೆ.”

ಅವಳು “ಯಾವತ್ತಂತೆ?” ಎಂದಳು. “ಬೇಗ,” ಎಂದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಾಗುತ್ತಾಳೆ ಎಂದೂ ಅಂದುಕೊಂಡಿದ್ದೆ. ಎರಡೂ ಅಲ್ಲ. ಅವಸರದಲ್ಲಿ ಕೆಲಸ ಬಿಟ್ಟು ಬಂದವಳ ಹಾಗೆ ಒಳಕ್ಕೆ ತಿರುಗಿಬಿಟ್ಟಳು.

ಅಂದಿನಿಂದ ಬೆಳಗಿನ ನೀರನ್ನು ಅವಳು ಮುಟ್ಟುತ್ತಿಲ್ಲವಂತೆ. ಜೊತೆಯಲ್ಲಿರುವ ನೇಕಾರ ಹೆಂಗಸು ಕಿಂಡಿಯಲ್ಲಿ ಹೇಳಿದಳು. ವಾರಕ್ಕೆರಡು ದಿನವಲ್ಲ, ದಿನವೂ. ಒಂಬತ್ತನೆಯ ತಾಸಿನವರೆಗೆ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಕೂರುತ್ತಾಳೆ. ಅಷ್ಟು ಹೊತ್ತು ಯಾರು ಸುಮ್ಮನಿರುತ್ತಾರೆ? ಜ್ವರದವರು ಕೇಳುತ್ತಾರೆ, ಕೊಡುತ್ತಾಳೆ. ಒಂಬತ್ತನೆಯ ತಾಸಿಗೆ ಬಟ್ಟಲಲ್ಲಿ ಏನೂ ಇರುವುದಿಲ್ಲ. “ಒಂದು ವಿಷಯ ಕೇಳ್ತಿದೀನಿ, ಸಿಗೋವರೆಗೆ ಹೀಗೇ,” ಎನ್ನುತ್ತಾಳಂತೆ. ಏನೆಂದು ಅವಳಿಗೂ ಹೇಳಿಲ್ಲ.

ಅದೇನು ಅಣ್ಣ? ನಿನ್ನ ದೇವರ ಹತ್ತಿರ ಅವಳು ಕೇಳುತ್ತಿರುವುದು ಏನು? ನಿನಗೆ ಗೊತ್ತಿದ್ದರೆ ಅವನಿಗೆ ಬೇಗ ಕೊಡಲು ಹೇಳು. ಅವಳು ನೀರು ಕುಡಿಯಲಿ.

ತೆವೆಸ್ತೆ, ಜುಲೈ ತಿಂಗಳ ಮೂರು

ಮಟ್ರೋನ, ಚೀಟಿ ಸಿದ್ದಿನ್ ಬಳಿ ಇದೆ. ಮೊದಲು ಅದನ್ನು ತೆಗೆದುಕೊಂಡು ಸೆರೆಮನೆಗೆ ಓಡು. ಆಮೇಲೆ ಇದನ್ನು ಓದು.

ಅವಳು ಕೇಳುತ್ತಿದ್ದುದು ಏನೆಂದು ನಿನ್ನ ಪತ್ರದ ಅರ್ಧದಲ್ಲೇ ನನಗೆ ತಿಳಿಯಿತು. ಮಾವ ಧೂಪ ಹಾಕದಿರಲಿ ಎಂದು. ಬೇರೇನೂ ಅಲ್ಲ. ನಾನು ಅವಳಿಗಾಗಿ ಕೇಳಿದ್ದನ್ನೇ ಅವಳು ನನಗಾಗಿ ಕೇಳುತ್ತಿದ್ದಾಳೆ. ಸಿಕ್ಕಿತೆಂದು ಅವಳಿಗೆ ಗೊತ್ತಾಗುವುದು ಹೇಗೆ? ನಾನು ಹಾಕದೆ ಇರುವ ಪ್ರತಿ ದಿನವೂ ನಾಳೆ ಹಾಕಿಯಾನು ಎಂದು ಮತ್ತೆ ಬಟ್ಟಲು ಪಕ್ಕಕ್ಕಿಡುತ್ತಾಳೆ. ನೀನು ಹೋಗಿ ಮಾವ ಒಲ್ಲೆ ಎಂದನೆಂದರೆ ನಂಬುವುದಿಲ್ಲ. ಚಪ್ಪಲಿ ನೆನಪಾಗುತ್ತದೆ.

ಇಡೀ ಬೆಳಿಗ್ಗೆ ಯೋಚಿಸಿದೆ. ಅವಳು ನೀರು ಕುಡಿಯುವ ದಾರಿ ಒಂದೇ. ಕೇಳಲು ಏನೂ ಉಳಿಯಬಾರದು. ನಾನು ಹಾಕಿಬಿಟ್ಟರೆ ಆ ಕೇಳಿಕೆ ಅಲ್ಲಿಗೆ ಮುಗಿಯಿತು. ಅಳಲಿ, ನನ್ನನ್ನು ಶಪಿಸಲಿ. ಆಮೇಲಾದರೂ ಕುಡಿಯುತ್ತಾಳೆ.

ಈ ದಿನ ಊರೊಳಗೆ ಹೋದೆ. ಬರೆದುಕೊಳ್ಳುವವನು ನನ್ನಲ್ಲೇ ಎಣ್ಣೆ ಕೊಳ್ಳುವವನು.

“ಓ ಬಾರಿಕಣ್ಣ, ನೀನೂ ಬಂದ್ಯಾ? ನಾವು ಪಂಥ ಕಟ್ಟಿದ್ವಿ, ನೀನು ಬರಲ್ಲ ಅಂತ. ನಾನು ಸೋತೆ ನೋಡು.”

“ಮನೆಯವರ ಪರವಾಗಿ ಬರ್ಕೋ. ತಂಗಿ ಮಗಳು ಸ್ಪೆಸಿನ, ಕಾರ್ತೇಜಿನಲ್ಲಿದಾಳೆ.”

“ಬರೆಯೋಣ. ಹಾಕು. ಹೆದರ್ಬೇಡ, ಆ ದೀಪದಲ್ಲಿರೋದು ನಿನ್ನ ಗಾಣದ ಎಣ್ಣೆಯೇ.”

ಹಾಕಿದೆ.

ನಮ್ಮಲ್ಲಿ ಧೂಪ ಹಾಕಿದವರು ಸಭೆಯ ಒಳಗೆ ಬರುವಂತಿಲ್ಲ. ಆ ನಿಯಮ ಕಟ್ಟುನಿಟ್ಟಾಗಿರಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನೇ. ಈಗ ಒಂಬತ್ತನೆಯ ತಾಸಿಗೆ ಕೊಟ್ಟಿಗೆಯ ಹೊರಗೆ ಹಿಂಡಿಯ ರಾಶಿಯ ಪಕ್ಕ ಕೂರಬೇಕು. ಒಳಗೆ ನನ್ನ ಹೆಂಡತಿ ನಿಂತಿರುತ್ತಾಳೆ. ನನ್ನಂಥವನಿಗೆ ಒಂದೇ ದಾರಿ ಇದೆ. ಸೆರೆಯಲ್ಲಿ ಬಗ್ಗದೆ ನಿಂತವರು ಯಾರಾದರೂ ‘ಇವನನ್ನು ಒಳಗೆ ಬಿಡಿ’ ಎಂದು ಹೇಳಿದರೆ ಹಿರಿಯರು ಅದನ್ನು ಮೀರುವುದಿಲ್ಲ. ಅವಳು ನನ್ನ ಮುಖ ನೋಡುವುದಿಲ್ಲ, ಗೊತ್ತು. ಆದರೂ ಮೈ ಸುಧಾರಿಸಿದ ಮೇಲೆ, ಸಿಟ್ಟು ಇಳಿದ ಮೇಲೆ, ಒಂದು ಮಾತು ಕೇಳಿ ನೋಡು.

ಈಗ ಹೋಗು. ಮೊದಲು ಸ್ವಲ್ಪ ಸ್ವಲ್ಪವೇ ನೀರು ಕೊಡು, ಒಮ್ಮೆಗೇ ಬೇಡ.

ಕಾರ್ತೇಜ್, ಜುಲೈ ತಿಂಗಳ ಇಪ್ಪತ್ತನಾಲ್ಕು

ಅಣ್ಣ,

ಸಿದ್ದಿನ್ ಬಂದರಿನ ತುದಿಯಿಂದಲೇ ಕೂಗುತ್ತ ಬಂದ. “ತಗೋ ತಾಯಿ, ತಗೋ, ಮಗಳನ್ನ ಮನೆಗೆ ಕರ್ಕೊಂಡ್ ಬಾ, ನನ್ನ ಹೇಸರಗತ್ತೆಗಳ ಕಾಲು ಮುರಿಯೋ ಹಾಗೆ ಓಡಿಸಿದೀನಿ.” ಹತ್ತಿರ ಬಂದ ಮೇಲೆ ಸೂತಕಕ್ಕೆ ಕತ್ತರಿಸಿದ ನನ್ನ ಕೂದಲು ನೋಡಿದ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಚೀಟಿಯನ್ನು ಕಡಲೆಯ ತಟ್ಟೆಯ ಮೇಲೆ ಇಟ್ಟು, ನನ್ನ ಪಾತ್ರೆಗಳನ್ನೆಲ್ಲ ತೊಳೆಯಲು ಕುಳಿತ.

ಅವಳು ಜೂನ್ ತಿಂಗಳು ಮುಗಿಯುವ ಮೊದಲೇ ಹೋದಳು.

ಯಾರೂ ಹೊಡೆಯಲಿಲ್ಲ, ಕಡಿಯಲಿಲ್ಲ. ನಿಮ್ಮವರು ಹೇಳುವ ಕಥೆಗಳ ಹಾಗೆ ಏನೂ ಆಗಲಿಲ್ಲ. ಗೋಡೆಗೆ ಒರಗಿದವಳು ಒರಗಿದ ಹಾಗೇ ಇದ್ದಳು. ಬಟ್ಟಲು ಪಕ್ಕದಲ್ಲಿತ್ತು. ಆ ದಿನ ಮಾತ್ರ ಅದರಲ್ಲಿ ನೀರು ಇತ್ತಂತೆ. ಯಾರೂ ಕೇಳಿರಲಿಲ್ಲ. ಒಂಬತ್ತನೆಯ ತಾಸು ಇನ್ನೂ ಆಗಿರಲಿಲ್ಲ.

ಹೊರಗೆ ತಂದು ಮಲಗಿಸಿದಾಗ ನಿಮ್ಮ ಪಂಗಡದ ಹೆಂಗಸರು ನಾರುಮಡಿ ಹಿಡಿದು ಬಂದರು. ಒಬ್ಬಳು ನನ್ನ ಕೈ ಹಿಡಿದು, “ಪುಣ್ಯವಂತೆ ನೀನು ತಾಯಿ,” ಎಂದಳು. ಅವಳ ಕೆನ್ನೆಗೆ ಹೊಡೆದೆ. ಅವಳು ನನ್ನ ಜೊತೆ ಕುಳಿತು ಸ್ಪೆಸಿನಳ ಕೂದಲಿನ ಸಿಕ್ಕು ಬಿಡಿಸಿದಳು.

ಬೈಯಲೆಂದು ಬರೆಯುತ್ತಿಲ್ಲ, ಆದರೆ ನೀನು ಲೆಕ್ಕ ಹಾಕಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಅವಳು ಹೋದ ದಿನ ನೀನು ಇನ್ನೂ ಹಾಕಿರಲಿಲ್ಲ. ಆ ನೇಕಾರ ಹೆಂಗಸೂ ಅದನ್ನೇ ಹೇಳಿದಳು, ಕೊನೆಗೆ ಕೇಳುತ್ತಿದ್ದುದು ನಿನ್ನ ಹೆಸರು ಹಿಡಿದೇ ಎಂದು. ಅವಳು ಕೇಳಿದ್ದು ಅವಳಿಗೆ ಸಿಕ್ಕಿತು. ಕೊನೆಯ ಉಸಿರಿನವರೆಗೂ ಸಿಕ್ಕಿತು. ನೀವು ಕೇಳಿದ್ದೂ ನಿಮಗೆ ಸಿಕ್ಕಿತು, ಅವಳು ಬಗ್ಗಲಿಲ್ಲ. ನಾನು ಕೇಳಿದ್ದು ಮಾತ್ರ ಉಳಿಯಿತು. ನಿನ್ನ ದೇವರು ಎಲ್ಲರದ್ದೂ ಕೇಳಿಸಿಕೊಳ್ಳುತ್ತಾನೆ, ಅನುಮಾನವಿಲ್ಲ.

ಅವಳಿಗೆ ಆ ಸುಳ್ಳು ಹೇಳಿದವಳು ನಾನು. ಅದರ ಬಗ್ಗೆ ಬರೆಯಲು ನನ್ನಿಂದಾಗುವುದಿಲ್ಲ.

ಇದರ ಜೊತೆ ಇನ್ನೊಂದು ಹಾಳೆ ಇದೆ, ನಿಮ್ಮ ಸಭೆಯ ಹಿರಿಯರ ಹೆಸರಿಗೆ. ‘ಸೆರೆಯಲ್ಲಿದ್ದ ಸ್ಪೆಸಿನ ಸಾಯುವ ಮೊದಲು, ನನ್ನ ಮಾವನನ್ನು ಒಳಗೆ ಬಿಡಿ, ಅವನಿಗೆ ಸಮಾಧಾನ ಕೊಡಿ ಎಂದು ತಾಯಿಯ ಮುಂದೆ ಹೇಳಿದಳು’ ಎಂದು ಬರೆದಿದ್ದೇನೆ. ಅವಳು ಹೇಳಲಿಲ್ಲ. ನೀನು ಹಾಕಿದ್ದೇ ಅವಳಿಗೆ ತಿಳಿಯದು. ಆದರೆ ತಿಳಿದಿದ್ದರೆ ಬೈದು, ಅತ್ತು, ಒಂದು ವಾರದ ಮೇಲೆ ಹೇಳುತ್ತಿದ್ದಳು. ನಾನು ಹೆತ್ತವಳು, ನನಗೆ ಗೊತ್ತು. ಇದು ಪಾಪವಾದರೆ ನನ್ನ ಮೇಲಿರಲಿ. ನಿಮ್ಮ ದೇವರ ಲೆಕ್ಕದಲ್ಲಿ ನಾನು ಹೇಗೂ ಇಲ್ಲ.

ಪೂರ್ತಿ ಸುಳ್ಳಾಗಬಾರದೆಂದು ಒಂದು ಕೆಲಸ ಮಾಡಿದೆ. ನಿನ್ನೆ ಒಂಬತ್ತನೆಯ ತಾಸಿಗೆ ಮಾಳಿಗೆ ಹತ್ತಿ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಅವಳ ಹಾಗೆ ಕೈ ಚಾಚಿ, ಆ ಮಾತನ್ನು ಅವಳ ಪರವಾಗಿ ಒಮ್ಮೆ ಜೋರಾಗಿ ಹೇಳಿದೆ. ಪಕ್ಕದ ಮನೆಯವಳು ನೋಡಿದಳು. ಬಟ್ಟೆ ಒಣಹಾಕುವುದನ್ನು ಬಿಟ್ಟು ಕೆಳಗಿಳಿದು ಹೋದಳು.

ತೆವೆಸ್ತೆ, ಆಗಸ್ಟ್ ತಿಂಗಳ ಹದಿನಾಲ್ಕು

ತಂಗಿ,

ಸಿದ್ದಿನ್ ಎರಡೂ ಹಾಳೆಗಳನ್ನು ನನ್ನ ಕೈಗೇ ಕೊಟ್ಟ. ಹಿರಿಯರದ್ದನ್ನು ನಾನು ಕೊಡಲಿಲ್ಲ. ಗಾಣದ ಒಲೆಗೆ ಹಾಕಿದೆ. ಸಿಟ್ಟಾಗಬೇಡ. ಅವಳು ಒಂದೇ ಒಂದು ಸುಳ್ಳು ಕ್ರಿಯೆಗೆ ಒಪ್ಪದೆ ಹೋದವಳು. ಅವಳ ಹೆಸರಿನಲ್ಲಿ ಸುಳ್ಳು ಹೇಳಿಸಿ ನಾನು ಒಳಗೆ ನುಗ್ಗಲಾರೆ. ಹೊರಗೇ ಇದ್ದೇನೆ. ಮಳೆಗಾಲಕ್ಕೆ ಮೊದಲು ಹಿಂಡಿಯ ರಾಶಿಯ ಮೇಲೆ ಸೋಗೆ ಹೊದಿಸಬೇಕು, ಕೂರಲು ಅಷ್ಟು ಸಾಕು.

ಇಲ್ಲಿ ಅವಳ ಕಥೆ ದಿನದಿನಕ್ಕೆ ಬೆಳೆಯುತ್ತಿದೆ. ಈಗ ಅವಳು ಗುಡ್ಡವನ್ನು ಹಾಡುತ್ತ ಹತ್ತಿದಳಂತೆ. ಚಪ್ಪಲಿಯ ಮಾತನ್ನು ಅವರಿಗೆ ಹೇಳಲು ಹೋದೆ. ಹೊರಗೆ ಕೂತವನ ಮಾತು ಯಾರು ಕೇಳುತ್ತಾರೆ?

ಒಲೆಗೆ ಹಾಕುವ ಮೊದಲು ಆ ಹಾಳೆಯನ್ನು ಬಹಳ ಸಲ ಓದಿದೆ. ನೀನು ಮಾಳಿಗೆಯ ಮೇಲೆ ನಿಂತು ಹೇಳಿದೆ ಎಂದು ಬರೆದೆಯಲ್ಲ. ಅದು ಅವಳ ಮಾತಲ್ಲ, ನಿನ್ನದು. ನನಗಾಗಿ ನೀನು ಕೇಳಿದೆ. ನನ್ನ ಪಾಲಿಗೆ ಅಷ್ಟಿದೆ. ನಿನ್ನ ಹತ್ತಿರ ಬೇರೇನೂ ಕೇಳುವ ಹಕ್ಕು ನನಗಿಲ್ಲ. ಆ ತಾಸಿಗೆ ಒಮ್ಮೊಮ್ಮೆ ಮೇಲೆ ಹೋಗುತ್ತೀಯಾ? ನಾನು ಇಲ್ಲಿ ಹೊರಗೆ ನಿಂತಿರುತ್ತೇನೆ. ಈ ಸಲ ಇಬ್ಬರೂ ಬೇರೆ ಬೇರೆ ಕೇಳುವುದು ಬೇಡ.

ಕಾರ್ತೇಜ್, ಮಾರ್ಚ್ ತಿಂಗಳ ಹನ್ನೆರಡು

ಅಣ್ಣನಿಗೆ ಮಟ್ರೋನ.

ತಡವಾಗಿ ಉತ್ತರಿಸುತ್ತಿದ್ದೇನೆ. ಹಾಳೆ ಸುಟ್ಟದ್ದಕ್ಕೆ ಚಳಿಗಾಲವಿಡೀ ಸಿಟ್ಟಿತ್ತು. ಈಗ ಇಲ್ಲ.

ಸೆರೆಮನೆ ಖಾಲಿ ಮಾಡುತ್ತಿದ್ದಾರೆ. ಉಳಿದವರನ್ನು ಬಿಟ್ಟರು. ಆ ನೇಕಾರ ಹೆಂಗಸು ನನ್ನ ಮನೆಗೆ ಬಂದು ಸ್ಪೆಸಿನಳ ಬಟ್ಟಲು ಕೊಟ್ಟು ಹೋದಳು. ಸಾಧಾರಣ ಮಣ್ಣಿನ ಬಟ್ಟಲು, ಅಂಚು ಒಡೆದಿದೆ. ಯಾರೋ ಅದನ್ನು ಕೊಳ್ಳಲು ಬಂದಿದ್ದರು, ನೋವಿಗೆ ಒಳ್ಳೆಯದಂತೆ. ಬೈದು ಕಳಿಸಿದೆ. ಅದರಲ್ಲಿ ನೀರು ತುಂಬಿ ಇಡುತ್ತೇನೆ, ಕುಡಿಯುವುದಿಲ್ಲ. ಗುಬ್ಬಿಗಳು ಕುಡಿಯುತ್ತವೆ.

ಮೇಲೆ ಹೋಗುತ್ತೀಯಾ ಎಂದು ನೀನು ಕೇಳಿದ್ದೆ. ಹೋಗುತ್ತೇನೆ. ದಿನವೂ. ಕಡಲೆ ಬೇಗ ಮುಗಿಸಿ ಬರುತ್ತೇನೆ. ನಿನ್ನ ದೇವರ ಹೆಸರು ಹೇಳುವುದಿಲ್ಲ, ಯಾರ ಹೆಸರೂ ಹೇಳುವುದಿಲ್ಲ. ಕೇಳಲು ನನ್ನಲ್ಲಿ ಏನೂ ಇಲ್ಲ, ನಿನ್ನದೊಂದು ಬಿಟ್ಟರೆ. ಅದನ್ನು ಹೇಳಿ ಸುಮ್ಮನೆ ನಿಲ್ಲುತ್ತೇನೆ. ಏನೂ ಆಗುವುದಿಲ್ಲ. ಕಡಲು ಕಾಣುತ್ತದೆ, ಗಾಳಿ ಬೀಸುತ್ತದೆ.

ಸ್ವಲ್ಪ ಹೊತ್ತಿಗೇ ತೋಳು ಎಷ್ಟು ನೋಯುತ್ತದೆ ಅಣ್ಣ. ಅವಳು ಒಂದು ದಿನವೂ ನನಗೆ ಅದನ್ನು ಹೇಳಿರಲಿಲ್ಲ.